ಹಳೇ ಫೋಟೋ ಸಂಗ್ರಹಿಸುವ ಸರಿಯಾದ ಕ್ರಮ

ಮಕ್ಕಳೆಲ್ಲ ಅಮೆರಿಕದಲ್ಲಿದ್ದು, ಅಟ್ಟ ಖಾಲಿ ಮಾಡುತ್ತಿರುವ ಮನೆಯನ್ನೇ ಹುಡುಕಿಕೊಳ್ಳಿ. ಅಜ್ಜಿ ಆಲ್ಬಮ್ ಬಿಚ್ಚಿ "ಇವ್ರು ನಮ್ಮ ಮಾವನವ್ರು ಕಣಪ್ಪಾ, ಪಕ್ಕದಲ್ಲಿರೋದು..." ಎಂದು ಶುರುಮಾಡಿದ ಕೂಡಲೇ ಕೈಗಡಿಯಾರ ನೋಡಿಕೊಳ್ಳಿ. ಹೆಸರು ಬರೆದುಕೊಳ್ಳಬೇಡಿ. ಹೆಸರಿದ್ದ ಕಡೆ ವಾರಸುದಾರರೂ ಇರುತ್ತಾರೆ.

ಅಜ್ಜಿ ಬೆಲೆ ಇಳಿಸದಿದ್ದರೆ, ಆ ಕಾಲದ ಆಲ್ಬುಮೆನ್ ಕಾಗದಕ್ಕೆ ಮೊಟ್ಟೆಯ ಬಿಳಿಭಾಗ ಸವರುತ್ತಿದ್ದರೆಂದು ಮೆಲ್ಲಗೆ ತಿಳಿಸಿ. ಮಾತು ನಿಜವೇ. ಮಡಿವಂತರ ಮನೆಯಾದರೆ ಮಾವನವರು ಪುಕ್ಕಟೆಯಾಗಿಯೇ ಹೊರಡುತ್ತಾರೆ.

ಮನೆಗೆ ತಂದ ಮೇಲೆ ಆಲ್ಬಮ್ ಹರಿದು ಬಿಡಿ ಮಾಡಿ. ಬಿಡಿಯಾಗಿ ಮಾರಿದರೆ ಲಾಭ ಹೆಚ್ಚು. ಆ ಕಾಗದ ಬಹಳ ತೆಳು, ಅದಕ್ಕೇ ರಟ್ಟಿಗೆ ಅಂಟಿಸುತ್ತಿದ್ದರು. ನೀರಿನಲ್ಲಿ ನೆನೆಸಿ ಬಿಡಿಸಿ, ರಟ್ಟನ್ನು ಒಲೆಗೆ ಹಾಕಿ. ರಟ್ಟಿನ ಹಿಂಬದಿಯಲ್ಲಿ ಸ್ಟುಡಿಯೋದ ಹೆಸರು, ಬೀದಿ, ಗೆದ್ದ ಪದಕಗಳು ಎಲ್ಲ ಅಚ್ಚಾಗಿರುತ್ತವೆ. ಸ್ಟುಡಿಯೋ ಯಾವ ವರ್ಷ ಯಾವ ಬೀದಿಯಲ್ಲಿತ್ತೆಂದು ಹಳೇ ಥ್ಯಾಕರ್ಸ್ ಡೈರೆಕ್ಟರಿಯಲ್ಲಿ ಹುಡುಕಿ ಕಾಲ ನಿರ್ಣಯಿಸುವ ಜನರಿದ್ದಾರೆ. ಅವರ ಸಹವಾಸ ಬೇಡ.

ಈಗ ಸಂಶೋಧನೆ. ಛಾಯಾಗ್ರಾಹಕ ಯಾರೆಂದು ಕೇಳಿದರೆ "ಲಾಲಾ ದೀನ್ ದಯಾಳ್" ಎನ್ನಿ. ಅವರು ತೀರಿಕೊಂಡದ್ದು 1905ರಲ್ಲಿ. ಚಿತ್ರದ ಹುಡುಗನ ಪಕ್ಕ ಮೋಟಾರ್ ಬೈಕ್ ಇದ್ದರೆ ಆ ಭಾಗವನ್ನು ಕತ್ತರಿಸಿ. ಒಂಟಿ ಹೆಂಗಸು ಕೂತಿದ್ದರೆ ತೆಗೆದವರೂ ಹೆಂಗಸಿರಬಹುದೇ ಎಂಬ ಯೋಚನೆ ಸುಳಿಯದಿರಲಿ. ದೀನ್ ದಯಾಳರೇ 1892ರಲ್ಲಿ ಹೈದರಾಬಾದಿನಲ್ಲಿ ಪರದೆಯ ಹೆಂಗಸರಿಗೆಂದು ಸ್ಟುಡಿಯೋ ತೆರೆದು, ಅದನ್ನು ಶ್ರೀಮತಿ ಕೆನ್ನಿ-ಲೆವಿಕ್ ಎಂಬ ಮಹಿಳೆಯ ಕೈಗೆ ಒಪ್ಪಿಸಿದ್ದರು. ಇಂಥದ್ದನ್ನೆಲ್ಲ ಗಿರಾಕಿಗೆ ಹೇಳಿದರೆ ಅವನು ಪ್ರಶ್ನೆ ಕೇಳಲು ಕಲಿಯುತ್ತಾನೆ.

ಇಸವಿಗೆ ಧಾರಾಳವಾಗಿರಿ. ಪ್ಯಾರಿಸ್ಸಿನ ಡಿಸ್ಡೇರಿ ಅಂಗೈಯಗಲದ ಫೋಟೋ ಕಾರ್ಡಾದ ಕಾರ್ಟ್-ಡಿ-ವಿಸಿಟ್‌ಗೆ ಪೇಟೆಂಟ್ ಪಡೆದದ್ದು 1854ರಲ್ಲಿ; ನೀವು 1840 ಎಂದು ಬರೆಯಿರಿ. ಪೇಟ ಸುತ್ತಿದವರನ್ನೆಲ್ಲ ದಿವಾನರನ್ನಾಗಿಸಿ. ಪೇಟ, ಕೋಟು, ಕುರ್ಚಿ ಎಲ್ಲವೂ ಸ್ಟುಡಿಯೋದವರೇ ಕೊಟ್ಟದ್ದಿರಬಹುದು, ಹಿಂದಿನ ಅರಮನೆ ಬಟ್ಟೆಯ ಮೇಲೆ ಬರೆದದ್ದಿರಬಹುದು. ಆದರೆ ಶಿರಸ್ತೇದಾರರ ಗುಮಾಸ್ತನಿಗೆ ಯಾರು ದುಡ್ಡು ಕೊಡುತ್ತಾರೆ?

ಕೊನೆಗೆ ಲ್ಯಾಮಿನೇಷನ್ ಮಾಡಿಸಿ. ಹರಿದ ಕಡೆ ಸೆಲ್ಲೋಟೇಪ್ ಸಾಕು. ಹಿಂಬದಿಯಲ್ಲಿ ಬಾಲ್‌ಪೆನ್ನಿನಿಂದ ಬೆಲೆಯನ್ನು ಒತ್ತಿ ಬರೆಯಿರಿ, ಮುಖದ ಕಡೆಯೂ ಉಬ್ಬು ಕಾಣಬೇಕು.

ಎಂದಾದರೊಂದು ದಿನ ಅಮೆರಿಕದಿಂದ ಮೊಮ್ಮಗಳು ಹುಡುಕಿಕೊಂಡು ಬರುತ್ತಾಳೆ. ಬೆಲೆ ಮೂರು ಪಟ್ಟು ಹೇಳಿ. ಮುತ್ತಜ್ಜನ ಮುಖ ಗುರುತಿಸಿದವರು ಚೌಕಾಸಿ ಮಾಡುವುದಿಲ್ಲ.