ಕಲ್ಲುಬೆಂಚಿನ ಮೀಮಾಂಸೆ: ನಿವೃತ್ತ ಯಜಮಾನರ ಅಭಿಪ್ರಾಯಶಾಸ್ತ್ರಕ್ಕೊಂದು ಪ್ರವೇಶಿಕೆ

ಯಾವುದೇ ಶಾಸ್ತ್ರಗ್ರಂಥವು ಆರಂಭದಲ್ಲೇ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳನ್ನು ಹೇಳಿಬಿಡಬೇಕೆಂಬುದು ಪೂರ್ವಾಚಾರ್ಯರ ಕಟ್ಟಳೆಯಾಗಿರುವುದರಿಂದ, ಬೆಂಗಳೂರಿನ ಬಡಾವಣೆಗಳ ಪಾರ್ಕುಗಳಲ್ಲಿ ದಿನವೂ ಬೆಳಗ್ಗೆ ಪ್ರವಚನಗೊಳ್ಳುತ್ತಿದ್ದರೂ ಇದುವರೆಗೆ ಗ್ರಂಥಸ್ಥವಾಗದೆ ಉಳಿದ ಅಭಿಪ್ರಾಯಶಾಸ್ತ್ರವನ್ನು ನಿರೂಪಿಸಹೊರಟ ಈ ಪ್ರಬಂಧವೂ ಅದನ್ನು ಮೀರಲಾರದು. ಇಲ್ಲಿ ಅಧಿಕಾರಿ, ಅಂದರೆ ಶಾಸ್ತ್ರಕ್ಕೆ ಅರ್ಹನಾದವನು, ಅರವತ್ತು ದಾಟಿದ, ಪಿಂಚಣಿ ಬರುತ್ತಿರುವ, ಶುಗರ್ ಮಾತ್ರೆ ನುಂಗಿ ಮಂಕಿ ಕ್ಯಾಪ್ ಏರಿಸಿ ಮನೆಯಿಂದ ಹೊರಬಿದ್ದ ಗೃಹಸ್ಥ. ಇವನನ್ನು ಮುಂದೆ ಗೌರವಪೂರ್ವಕವಾಗಿ ‘ಯಜಮಾನರು’ ಎಂದು ಕರೆಯಲಾಗುವುದು. ವಿಷಯವೆಂದರೆ ಹಾಲಿನ ದರದಿಂದ ಹಿಡಿದು ಉಕ್ರೇನ್ ಯುದ್ಧದವರೆಗಿನ ಸಕಲ ಪದಾರ್ಥಗಳು. ಸಂಬಂಧವೆಂದರೆ ಆ ಪದಾರ್ಥಗಳಿಗೂ ಯಜಮಾನರಿಗೂ ಯಾವ ಸಂಬಂಧವೂ ಇಲ್ಲದಿರುವುದು. ಪ್ರಯೋಜನದ ಬಗ್ಗೆ ಮನೆಯವರಲ್ಲಿ ಒಮ್ಮತವಿಲ್ಲ.

ಶಾಸ್ತ್ರದ ಪೀಠ ಕಲ್ಲುಬೆಂಚು. ಅದರ ಒರಗುವ ಚಪ್ಪಡಿಯ ಮೇಲೆ ಸಾಮಾನ್ಯವಾಗಿ ಯಾರೋ ದಿವಂಗತರ ಹೆಸರೂ, ಜನನ ಮರಣದ ಇಸವಿಗಳೂ, ‘ಸ್ಮರಣಾರ್ಥ’ ಎಂಬ ಮಾತೂ ಕೆತ್ತಿರುತ್ತವೆ. ಯಜಮಾನರು ಅವುಗಳಿಗೆ ಬೆನ್ನು ಕೊಟ್ಟು ಕುಳಿತುಕೊಳ್ಳುವುದರಿಂದ ಆ ಇಸವಿಗಳು ಚರ್ಚೆಗೆ ಬರುವ ಸಂಭವ ಕಡಿಮೆ. ಬಲಗಡೆಗೆ ನಾಲ್ಕಾಗಿ ಮಡಚಿದ ಪೇಪರು, ಎಡಗಡೆಗೆ ಒಂದು ಪ್ಲಾಸ್ಟಿಕ್ ಚೀಲ. ಚೀಲದಲ್ಲಿರುವುದು ದಾಸವಾಳ ಮತ್ತು ಕಣಗಿಲೆ. ಇವು ದಾರಿಯ ಮನೆಗಳ ಕಾಂಪೌಂಡಿನಿಂದ ಹೊರಕ್ಕೆ ಚಾಚಿದ ಕೊಂಬೆಗಳಿಂದಲೂ, ಅಷ್ಟೇನೂ ಚಾಚದ ಕೊಂಬೆಗಳಿಂದ ಕೊಕ್ಕೆಯ ಸಹಾಯದಿಂದಲೂ, ಮನೆಯೊಡೆಯರು ಏಳುವ ಮುನ್ನ ಸಂಗ್ರಹವಾದವು. ಈಗಿನ ಕಾಲದಲ್ಲಿ ಜನರಿಗೆ ಪರರ ಸ್ವತ್ತೆಂಬ ಭಯವೇ ಇಲ್ಲವಾಗಿದೆ ಎಂಬ ಪ್ರಸಿದ್ಧ ಸಿದ್ಧಾಂತವು ಈ ಚೀಲವನ್ನು ಪಕ್ಕದಲ್ಲಿಟ್ಟುಕೊಂಡೇ ಮಂಡಿತವಾಗುವುದು ಹೊರನೋಟಕ್ಕೆ ವಿರೋಧವೆನಿಸಿದರೂ, ದೇವರ ಪೂಜೆಗೆ ಕಿತ್ತ ಹೂವು ಪರಸ್ವತ್ತಾಗದು ಎಂಬ ಅಪವಾದವಿಧಿಯಿಂದ ಆ ವಿರೋಧ ಪರಿಹಾರವಾಗುತ್ತದೆ.

ಪ್ರಮಾಣವಿಚಾರಕ್ಕೆ ಬಂದರೆ, ಸರಿಯಾದ ಜ್ಞಾನ ಹುಟ್ಟುವ ದಾರಿಗೆ ಪ್ರಮಾಣವೆಂದು ಹೆಸರು. ಚಾರ್ವಾಕರು ಒಂದನ್ನೂ, ನೈಯಾಯಿಕರು ನಾಲ್ಕನ್ನೂ, ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಆರನ್ನೂ ಒಪ್ಪಿದ್ದಾರೆ. ಕಲ್ಲುಬೆಂಚಿನ ಪರಂಪರೆ ಆರನ್ನೂ ಒಪ್ಪುತ್ತದೆಯಾದರೂ ಪ್ರತ್ಯಕ್ಷಕ್ಕೆ, ಅಂದರೆ ಕಣ್ಣಾರೆ ಕಂಡದ್ದಕ್ಕೆ, ಅಷ್ಟು ಬೆಲೆ ಕೊಡುವುದಿಲ್ಲ. ಕ್ಯಾಟರ್ಯಾಕ್ಟ್ ಆಪರೇಷನ್ ಆದವರಲ್ಲೂ ಈ ಧೋರಣೆ ಬದಲಾಗಿಲ್ಲ. ಶಬ್ದಪ್ರಮಾಣ, ಅಂದರೆ ನಂಬಬಹುದಾದವರ ಮಾತು, ಹಿಂದೆ ‘ಪೇಪರಲ್ಲಿ ಬಂದಿದೆ’ ಎಂಬ ರೂಪದಲ್ಲಿದ್ದುದು ಈಗ ‘ವಾಟ್ಸಾಪಲ್ಲಿ ಬಂದಿದೆ, ನಿಮಗೂ ಕಳಿಸ್ತೀನಿ’ ಎಂಬ ರೂಪಕ್ಕೆ ತಿರುಗಿದೆ. ಅನುಪಲಬ್ಧಿ ಎಂದರೆ ಕಾಣದಿರುವುದರಿಂದಲೇ ಹುಟ್ಟುವ ಅರಿವು: ಗುಬ್ಬಚ್ಚಿ ಕಾಣುತ್ತಿಲ್ಲ, ಆದ್ದರಿಂದ ಮೊಬೈಲ್ ಟವರು. ಹೆಂಚಿನ ಮಾಡು, ಮಾಡಿನ ಸಂದು, ಅಂಗಳದಲ್ಲಿ ಮೊರ ಹಿಡಿದು ಅಕ್ಕಿ ಕೇರುವವರು ಇವೆಲ್ಲ ಯಜಮಾನರ ಸ್ವಂತ ಬೀದಿಯಲ್ಲೇ, ಬಹುಶಃ ಅವರ ಸ್ವಂತ ಮನೆಯಲ್ಲೇ, ಇಲ್ಲವಾದುದು ಈ ಅನುಪಲಬ್ಧಿಗೆ ಗೋಚರಿಸುವುದಿಲ್ಲ.

ಪರಂಪರೆಯ ನಿಜವಾದ ಪ್ರತಿಭೆ ತೋರುವುದು ಅರ್ಥಾಪತ್ತಿಯಲ್ಲಿ. ದೇವದತ್ತನು ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ, ಆದ್ದರಿಂದ ರಾತ್ರಿ ಉಣ್ಣುತ್ತಿರಬೇಕು ಎಂಬುದು ಇದಕ್ಕೆ ಪ್ರಾಚೀನರು ಕೊಡುವ ಉದಾಹರಣೆ. ಇದೇ ದೇವದತ್ತನನ್ನು ಯಜಮಾನರು ಸರ್ಕಾರಿ ಕಚೇರಿಯ ಮೇಜಿನ ಹಿಂದೆ ಕೂರಿಸಿ, ಅವನ ಸಂಬಳವನ್ನೂ ಅವನು ಕಟ್ಟಿಸಿದ ಮೂರಂತಸ್ತಿನ ಮನೆಯನ್ನೂ ಅಕ್ಕಪಕ್ಕ ಇಟ್ಟು ತೂಗಿದಾಗ ಬರುವ ನಿರ್ಣಯದಲ್ಲಿ ದೋಷ ಹುಡುಕುವುದು ಮಹಾ ತಾರ್ಕಿಕರಿಗೂ ಕಷ್ಟ. ಇನ್ನು ಭಾರತ ಸರ್ಕಾರವು 2014ರ ನವೆಂಬರ್ 10ರಂದು ‘ಜೀವನ್ ಪ್ರಮಾಣ್’ ಎಂಬ ಏಳನೆಯದನ್ನೂ ಸೇರಿಸಿದೆ. ಪಿಂಚಣಿದಾರನು ಬದುಕಿದ್ದಾನೆಂಬುದಕ್ಕೆ ಅವನು ಎದುರಿಗೆ ನಿಂತಿರುವುದು ಸಾಲದು, ಹೆಬ್ಬೆರಳಿನ ಗುರುತು ಯಂತ್ರಕ್ಕೆ ಸಿಗಬೇಕು. ಎಪ್ಪತ್ತು ವರ್ಷ ಸವೆದ ಹೆಬ್ಬೆರಳನ್ನು ಪ್ಯಾಂಟಿಗೆ ಒರೆಸಿ, ಕೂದಲಿಗೆ ತೀಡಿ, ಮತ್ತೆ ಮತ್ತೆ ಯಂತ್ರದ ಗಾಜಿಗೆ ಒತ್ತಿದ ಮೇಲೆ ಪ್ರತಿ ನವೆಂಬರಿನಲ್ಲೂ ಬೆಂಚಿನ ಮೇಲೆ ತಂತ್ರಜ್ಞಾನದ ಬಗ್ಗೆ ಹೊರಡುವ ಅಭಿಪ್ರಾಯಗಳನ್ನು ಈ ಪ್ರಬಂಧವು ಖಂಡಿಸಲು ಹೋಗುವುದಿಲ್ಲ.

ಉಪಮಾನಕ್ಕೆ, ಅಂದರೆ ಹೋಲಿಕೆಯಿಂದ ತಿಳಿಯುವುದಕ್ಕೆ, ಈ ಶಾಸ್ತ್ರದಲ್ಲಿ ಇರುವ ಮಾನದಂಡ ಒಂದೇ: ‘ನಮ್ಮ ಕಾಲ’. ಇದರ ವ್ಯಾಪ್ತಿಯನ್ನು ಗೊತ್ತುಮಾಡುವುದು ವಿದ್ವಾಂಸರಿಗೆ ದೊಡ್ಡ ಸವಾಲಾಗಿದೆ. ನಮ್ಮ ಕಾಲದಲ್ಲಿ ಎರಡಾಣೆಗೆ ಮಸಾಲೆದೋಸೆ ಸಿಗುತ್ತಿತ್ತು. ಆಣೆಯಾದರೋ 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಜಾರಿಯಾದಾಗ ಲೆಕ್ಕದಿಂದ ಹೋಯಿತು. ನಮ್ಮ ಕಾಲದಲ್ಲಿ ವಿಶ್ವನಾಥ್ ಚೆಪಾಕಿನಲ್ಲಿ ಆಂಡಿ ರಾಬರ್ಟ್ಸ್ ಎದುರು ಔಟಾಗದೆ 97 ಹೊಡೆದರು. ಅದು 1975ರ ಜನವರಿ. ಆದ್ದರಿಂದ ‘ನಮ್ಮ ಕಾಲ’ಕ್ಕೆ ಕನಿಷ್ಠ ಹದಿನೆಂಟು ವರ್ಷ ಉದ್ದವಿರಬೇಕು, ಆದರೆ ವರ್ಣನೆಯ ಧಾಟಿ ನೋಡಿದರೆ ದೋಸೆ ತಿಂದು ಕೈತೊಳೆದು ನೇರವಾಗಿ ಚೆಪಾಕಿಗೆ ಹೋದಂತಿದೆ. 1953ರಲ್ಲಿ ಹುಟ್ಟಿದ ಯಜಮಾನರಿಗೆ ದಶಮಾಂಶ ನಾಣ್ಯ ಬಂದಾಗ ನಾಲ್ಕು ವರ್ಷ. ಹಳೆಯ ನಾಣ್ಯಗಳು ಮತ್ತೆ ಕೆಲಕಾಲ ಕೈ ಬದಲಾಯಿಸುತ್ತಿದ್ದುದನ್ನು ಒಪ್ಪಿದರೂ, ಎರಡಾಣೆ ಎಣಿಸಿ ಕೊಟ್ಟವರು ಅವರಲ್ಲ, ಅವರ ತಂದೆ. ಹೀಗಾಗಿ ಶಾಸ್ತ್ರಜ್ಞರು ಯಜಮಾನರ ವಚನಗಳಲ್ಲಿ ತಂದೆಯಿಂದ ಕೇಳಿದ್ದನ್ನು ಶ್ರುತಿಯೆಂದೂ, ತಾವೇ ನೆನಪಿಟ್ಟದ್ದನ್ನು ಸ್ಮೃತಿಯೆಂದೂ ವಿಂಗಡಿಸಿ, ಎರಡಕ್ಕೂ ವಿರೋಧ ಬಂದಲ್ಲಿ ಶ್ರುತಿಯೇ ಬಲವತ್ತರವೆಂಬ ಹಳೆಯ ನ್ಯಾಯವನ್ನು ಇಲ್ಲಿಗೂ ಅನ್ವಯಿಸಿದ್ದಾರೆ. ತುರ್ತುಪರಿಸ್ಥಿತಿಯಲ್ಲಿ ರೈಲುಗಳು ಟೈಮಿಗೆ ಸರಿಯಾಗಿ ಬರುತ್ತಿದ್ದವು ಎಂಬುದು ಯಾವ ವರ್ಗಕ್ಕೆ ಸೇರಬೇಕೆಂಬುದು ಮಾತ್ರ ತೀರ್ಮಾನವಾಗಿಲ್ಲ. ಹೇಳುವವರಿಗೆ ಆಗ ಇಪ್ಪತ್ತೆರಡು ವರ್ಷ, ಕೆಲಸವಿರಲಿಲ್ಲ, ರೈಲು ಹತ್ತಲು ದುಡ್ಡೂ ಇರಲಿಲ್ಲ.

ಹವೆಯ ವಿಷಯದಲ್ಲಿ ಮತವೇನೆಂದರೆ, ನಮ್ಮ ಕಾಲದ ಬೆಂಗಳೂರಿನಲ್ಲಿ ಫ್ಯಾನೇ ಬೇಕಿರಲಿಲ್ಲ. 1931ರ ಮೇ ತಿಂಗಳಲ್ಲೇ ನಗರದ ಉಷ್ಣಾಂಶ 38.9 ಡಿಗ್ರಿ ಮುಟ್ಟಿತ್ತೆಂಬ ಹವಾಮಾನ ಇಲಾಖೆಯ ದಾಖಲೆಯನ್ನು ಯಾರಾದರೂ ತೋರಿಸಿದರೆ, ಆಗಿನ ಸೆಕೆ ಬೇರೆ, ಈಗಿನ ಸೆಕೆ ಬೇರೆ ಎಂಬ ಗುಣಭೇದದ ವಾದ ಹೊರಬರುತ್ತದೆ. ಕೆರೆಗಳು ಬಸ್ ನಿಲ್ದಾಣವೂ ಕ್ರೀಡಾಂಗಣವೂ ಆಗಿಹೋದ ಊರಿನಲ್ಲಿ ಈ ವಾದವನ್ನು ಪೂರ್ತಿ ನಗೆಗೆ ಬಿಡುವುದೂ ಸಾಧ್ಯವಿಲ್ಲ.

ಇಲ್ಲಿಂದ ಶಾಸ್ತ್ರದ ಹೃದಯಭಾಗವಾದ ನಿವೇಶನ ಪ್ರಕರಣ ತೊಡಗುತ್ತದೆ. 1945ರಲ್ಲಿ ಸ್ಥಾಪನೆಯಾಗಿ, 1976ರಲ್ಲಿ ಬಿಡಿಎಗೆ ಜಾಗ ಬಿಟ್ಟುಕೊಟ್ಟ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿಯನ್ನು ಇಂದಿಗೂ ‘ಸಿಐಟಿಬಿ’ ಎಂದೇ ಕರೆಯುವ ಯಜಮಾನರ ಪ್ರಕಾರ, ಮಂಡಳಿಯವರು ಜಯನಗರದಲ್ಲಿ ಸೈಟು ತೆಗೆದುಕೊಳ್ಳಿ ಎಂದು ಮನೆಬಾಗಿಲಿಗೇ ಬಂದು ಕೇಳಿಕೊಂಡರೂ ಅವರ ತಂದೆಯವರು ‘ಆ ಕಾಡಿಗೆ ಯಾರು ಹೋಗ್ತಾರೆ, ರಾತ್ರಿ ನರಿ ಕೂಗುತ್ತೆ’ ಎಂದು ಬೇಡವೆಂದರು. ಮುಂದೆ ಯಜಮಾನರಿಗೇ ಬಿಟಿಎಂ ಬಡಾವಣೆಯಲ್ಲಿ ಅವಕಾಶ ಬಂದಾಗ, ಬಿಟಿಎಸ್ ಬಸ್ಸು ಅಪರೂಪ, ನೀರಿಲ್ಲ, ಹಾವಿನ ಕಾಟ ಎಂಬ ಕಾರಣಗಳಿಂದ ಅವರೂ ಬೇಡವೆಂದರು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಪಡೆದ ಸೈಟಿನ ಕಥೆಗಿಂತ ಬಿಟ್ಟ ಸೈಟಿನ ಕಥೆಗೇ ಬೆಂಚಿನಲ್ಲಿ ಗೌರವ ಹೆಚ್ಚು. ಪಡೆದ ಸೈಟಿಗೆ ಕಂದಾಯ ರಸೀದಿ, ಖಾತಾ, ಪಕ್ಕದ ಮನೆಯವನೊಡನೆ ಅರ್ಧ ಅಡಿ ಜಾಗದ ವ್ಯಾಜ್ಯ ಮುಂತಾದ ಮಿತಿಗಳಿವೆ. ಬಿಟ್ಟ ಸೈಟು ಮಾತ್ರ ಮೂಲೆ ಸೈಟಾಗಿ, ಪೂರ್ವಕ್ಕೆ ಮುಖಮಾಡಿ, ವರ್ಷವರ್ಷವೂ ಮಾರುಕಟ್ಟೆಯ ದರದಲ್ಲಿ ಬೆಳೆಯುತ್ತ ಹೋಗುತ್ತದೆ. ಒಂದೇ ಪಾರ್ಕಿನ ಬೆಂಚುಗಳಲ್ಲಿ ತ್ಯಾಗವಾದ ಸೈಟುಗಳನ್ನೆಲ್ಲ ಕೂಡಿಸಿದರೆ ಜಯನಗರದ ಎಲ್ಲ ಬ್ಲಾಕುಗಳೂ ಸಾಲದೆ ಬನಶಂಕರಿಯ ಕಡೆಗೆ ಚಾಚಿಕೊಳ್ಳಬೇಕಾದೀತು. ಕೋಟಿಗಳನ್ನು ಕೈಯಾರೆ ಬಿಟ್ಟವನೆಂಬ ಪದವಿ ಕೋಟ್ಯಧೀಶನ ಪದವಿಗಿಂತ ಒಂದು ತೂಕ ಹೆಚ್ಚೆಂದೂ, ಅದಕ್ಕೆ ಆದಾಯ ತೆರಿಗೆ ಇಲ್ಲವೆಂದೂ ಈ ಪ್ರಕರಣದಿಂದ ಸಿದ್ಧವಾಗುತ್ತದೆ.

ಅರ್ಥಶಾಸ್ತ್ರದ ಭಾಗದಲ್ಲಿ ಬಿಟ್ಟಿ ಭಾಗ್ಯಗಳ ವಿಚಾರ ಬರುತ್ತದೆ. ಸರ್ಕಾರವು ಪುಕ್ಕಟೆ ಕೊಟ್ಟು ಜನರನ್ನು ಸೋಮಾರಿಗಳನ್ನಾಗಿ ಮಾಡುತ್ತಿದೆ ಎಂಬುದು ಪ್ರತಿಜ್ಞೆ. 2023ರ ಜೂನ್ 11ರಂದು ಶುರುವಾದ, ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ದೃಷ್ಟಾಂತ. ಮನೆಯವರು ಅದೇ ಯೋಜನೆಯಲ್ಲಿ ಧರ್ಮಸ್ಥಳ, ಕುಕ್ಕೆ, ಶೃಂಗೇರಿ ಮುಗಿಸಿಕೊಂಡು ಪ್ರಸಾದ ತಂದುಕೊಟ್ಟಾಗ ಯಜಮಾನರು ಅದನ್ನು ಕಣ್ಣಿಗೊತ್ತಿಕೊಂಡು ಸ್ವೀಕರಿಸುವುದು ಭಕ್ತಿಗೆ ಸಂಬಂಧಿಸಿದ್ದಾದ್ದರಿಂದ ಅರ್ಥಶಾಸ್ತ್ರಕ್ಕೆ ತರಬಾರದು. ಆದರೆ ಅರವತ್ತು ದಾಟಿದ ಗಂಡಸರಿಗೆ ರೈಲಿನ ಟಿಕೆಟ್ಟಿನಲ್ಲಿ ನಲವತ್ತು ಪರ್ಸೆಂಟ್ ಬಿಡುತ್ತಿದ್ದುದನ್ನು 2020ರ ಮಾರ್ಚಿನಲ್ಲಿ ಕೊರೊನಾ ನೆಪದಲ್ಲಿ ನಿಲ್ಲಿಸಿದ್ದು ಘೋರ ಅನ್ಯಾಯ, ಅದು ದೇಶಕ್ಕಾಗಿ ದುಡಿದವರ ಹಕ್ಕು. ಕೆಎಸ್ಸಾರ್ಟಿಸಿ ಬಸ್ಸಿನಲ್ಲಿ ಹಿರಿಯ ನಾಗರಿಕರಿಗಿರುವ ಇಪ್ಪತ್ತೈದು ಪರ್ಸೆಂಟ್ ರಿಯಾಯಿತಿಯೂ ಹಕ್ಕೇ, ಅದೂ ಸಾಲದು. ಇಲ್ಲಿ ಕೆಲವು ತರುಣ ವಿಮರ್ಶಕರು ಪೂರ್ವಾಪರ ವಿರೋಧವನ್ನು ಎತ್ತಿ ತೋರಿಸುವುದುಂಟು. ಅಂಥವರಿಗೆ ‘ನಿಮಗೂ ವಯಸ್ಸಾಗುತ್ತಲ್ಲ, ಆಗ ಗೊತ್ತಾಗುತ್ತೆ’ ಎಂಬ ಉತ್ತರ ಸಿದ್ಧವಿದ್ದು, ಇದನ್ನು ಮುಂದಿನ ಮೂವತ್ತು ವರ್ಷದವರೆಗೆ ಯಾರೂ ಖಂಡಿಸುವಂತಿಲ್ಲ.

ಇದಕ್ಕೆ ವ್ಯತಿರಿಕ್ತವಾಗಿ ನಿಲ್ಲುವುದು ಕ್ಷೀರ ಪ್ರಕರಣ. 2024ರ ಜೂನ್ ಕೊನೆಯಲ್ಲಿ ನಂದಿನಿ ಹಾಲಿನ ಪ್ಯಾಕೆಟ್ಟಿಗೆ 50 ಮಿಲಿಲೀಟರ್ ಹೆಚ್ಚು ಹಾಲು ತುಂಬಿ ಎರಡು ರೂಪಾಯಿ ಏರಿಸಿದಾಗ, ಇದು ದರ ಏರಿಕೆಯೋ ಅಲ್ಲವೋ ಎಂಬ ಪ್ರಶ್ನೆಯ ಮೇಲೆ ಬೆಂಚುಗಳು ಎರಡಾದವು: ಹೆಚ್ಚು ಹಾಲು ಬಂದಿರುವುದರಿಂದ ಏರಿಕೆಯಲ್ಲ ಎಂದು ಒಂದು ಪಕ್ಷ, ಕೇಳದೆಯೇ ಕೊಟ್ಟ ಹಾಲಿಗೆ ದುಡ್ಡು ಕಿತ್ತುಕೊಂಡದ್ದರಿಂದ ಏರಿಕೆಯೇ ಎಂದು ಇನ್ನೊಂದು. ಮರುವರ್ಷ ಏಪ್ರಿಲ್ 1ರಿಂದ ಲೀಟರಿಗೆ ನಾಲ್ಕು ರೂಪಾಯಿ ಏರಿ, ಆ 50 ಮಿಲಿಲೀಟರ್ ಬಂದ ದಾರಿಯಲ್ಲೇ ಹಿಂದಕ್ಕೆ ಹೋದಾಗ ಎರಡೂ ಪಕ್ಷಗಳು ಒಂದಾದವು. ಗಮನಾರ್ಹವಾದುದೆಂದರೆ, ಹಾಲಿನ ಬೂತಿನ ಕ್ಯೂನಲ್ಲಿ ನಿಂತು ಪ್ಯಾಕೆಟ್ ತರುವುದೂ, ಒಲೆಯ ಮುಂದೆ ನಿಂತು ಅದನ್ನು ಕಾಯಿಸುವುದೂ ನಿವೃತ್ತಿಯ ನಂತರ ಯಜಮಾನರ ಪಾಲಿಗೇ ಬಂದ ಕೆಲಸಗಳಾಗಿರುವುದರಿಂದ, ಈ ಇಡೀ ವಿವಾದದಲ್ಲಿ ಅವರ ಸ್ವಂತ ಅನುಭವದಿಂದ ಬಂದ ಮಾತು ಒಂದೇ ಒಂದು ಇತ್ತು: ಅರ್ಧ ಲೀಟರಿಗೆಂದು ಇಟ್ಟ ಪಾತ್ರೆಯಲ್ಲಿ ಐನೂರೈವತ್ತು ಹಿಡಿಯುವುದಿಲ್ಲ, ಉಕ್ಕಿ ಒಲೆಯ ಮೇಲೆ ಚೆಲ್ಲುತ್ತದೆ, ಆಮೇಲೆ ಒರೆಸುವವರೂ ಅವರೇ. ಇಷ್ಟನ್ನು ಹೇಳಿ ಅವರು ಸುಮ್ಮನಾದರು.

ಇದರಿಂದ ಈ ಶಾಸ್ತ್ರದ ಮೂಲಸೂತ್ರ ಹೊರಡುತ್ತದೆ: ಯಜಮಾನರ ಕೈ ಒಂದು ವಿಷಯದಿಂದ ಎಷ್ಟು ದೂರವೋ ಅವರ ಅಭಿಪ್ರಾಯ ಅಷ್ಟು ಉದ್ದ. ಉಕ್ರೇನಿಗೆ ಮುಕ್ಕಾಲು ಗಂಟೆ, ದೆಹಲಿಗೆ ಅರ್ಧ ಗಂಟೆ, ಅಗೆದು ಹಾಗೇ ಬಿಟ್ಟ ಎದುರಿನ ರಸ್ತೆಗೆ ಹತ್ತು ನಿಮಿಷ, ಹಾಲಿಗೆ ಒಂದು ವಾಕ್ಯ. ಇದೇ ಕ್ರಮದಲ್ಲಿ ಒಳಕ್ಕೆ ಹೋದರೆ ಮೊಮ್ಮಗನನ್ನು ಯಾವ ಶಾಲೆಗೆ ಸೇರಿಸಬೇಕು, ಮಗ ಕೆನಡಾಕ್ಕೆ ಹೋಗಬೇಕೋ ಬೇಡವೋ ಎಂಬಲ್ಲಿ ವಾಕ್ಯವೂ ಕರಗಿ ಬರಿಯ ‘ಹ್ಞೂಂ’ ಉಳಿಯುತ್ತದೆ. ನಾಲ್ಕು ದಶಕ ಮನೆಯ ಎಲ್ಲ ತೀರ್ಮಾನಗಳನ್ನೂ ಕೈಗೊಂಡವರಿಗೆ ಜಗತ್ತಿನ ತೀರ್ಮಾನಗಳಷ್ಟೇ ಉಳಿದಾಗ ಅವುಗಳನ್ನು ವಿಸ್ತಾರವಾಗಿ ಮಾಡುವುದು ಸಹಜವೆಂದು ಸಹಾನುಭೂತಿಯುಳ್ಳ ವ್ಯಾಖ್ಯಾನಕಾರರು ಹೇಳುತ್ತಾರೆ. ಸೊಸೆಯ ವ್ಯಾಖ್ಯಾನ ಇದಕ್ಕಿಂತ ಚಿಕ್ಕದು.

ಸೂತ್ರದ ಕಟ್ಟಕಡೆಯ ಉದಾಹರಣೆ, ಇರುವ ಹಳೆಯ ಮನೆಯನ್ನು ಕೆಡವಿ ಬಿಲ್ಡರನೊಡನೆ ಜಾಯಿಂಟ್ ವೆಂಚರಿನಲ್ಲಿ ಫ್ಲ್ಯಾಟು ಕಟ್ಟಿಸೋಣವೇ ಎಂದು ಮಗ ಕೇಳಿದಾಗ ಯಜಮಾನರು ಕೊಡುವ ‘ನಿಮಗೆ ಹೇಗೆ ತೋಚುತ್ತೋ ಹಾಗೆ ಮಾಡಿ’ ಎಂಬ ಮಹಾವಾಕ್ಯ. ಇದು ವಿಧಿಯೋ, ಅಂದರೆ ಮಾಡೆಂಬ ಅಪ್ಪಣೆಯೋ, ಅಥವಾ ನಿಷೇಧವೋ ಎಂಬ ಬಗ್ಗೆ ಮೂರು ಪ್ರಸ್ಥಾನಗಳಿವೆ. ಮಗ ಇದನ್ನು ಒಪ್ಪಿಗೆಯೆಂದು ತಿಳಿಯುತ್ತಾನೆ. ಸೊಸೆ ನಿರಾಕರಣೆಯೆಂದು ತಿಳಿಯುತ್ತಾಳೆ. ಮನೆಯವರ ಪ್ರಕಾರ ಇದು ಎರಡೂ ಅಲ್ಲ, ಇನ್ನೂ ಎರಡು ಸಲ ಕೇಳಬೇಕೆಂಬ ಸೂಚನೆ. ಅದರಲ್ಲೂ ಎರಡನೆಯ ಸಲ ಪೇಪರು ಮುಖಕ್ಕೆ ಅಡ್ಡವಾಗಿದ್ದಾಗ, ಮೂರನೆಯ ಸಲ ಊಟವಾದ ಮೇಲೆ, ಎಲೆಯಡಿಕೆಯ ತಟ್ಟೆ ಮುಂದಿಟ್ಟು, ಈ ಮನೆಯ ಪಾಯ ತೋಡಿಸಿದ ದಿನ ಎಷ್ಟು ಅಡಿಗೆ ಬಂಡೆ ಸಿಕ್ಕಿತೆಂಬ ವಿವರವನ್ನು ಪೂರ್ತಿಯಾಗಿ ಕೇಳಿಸಿಕೊಂಡ ಬಳಿಕ. ಬಿಲ್ಡರನ ಕಡೆಯವನಿಗೆ ಈ ಶಾಸ್ತ್ರದ ಪರಿಚಯ ಸಾಲದಾದ್ದರಿಂದ ಅವನು ಮೊದಲನೆಯ ಸಲಕ್ಕೇ ಛಾಪಾಕಾಗದ ಹಿಡಿದುಕೊಂಡು ಬಂದುಬಿಟ್ಟ. ಆ ಕರಾರುಪತ್ರ ಈಗಲೂ ಸಹಿಯಿಲ್ಲದೆ ಫ್ರಿಜ್ಜಿನ ಮೇಲೆ, ಕರೆಂಟು ಬಿಲ್ಲುಗಳ ಕೆಳಗೆ ಇದೆ.