ರೆಸಾರ್ಟ್ ಫೀ ಮಹಾಪ್ರಭುಗಳ ಸನ್ನಿಧಾನಕ್ಕೆ

ಲಾಸ್ ವೇಗಸ್ ಸ್ಟ್ರಿಪ್‌ನಲ್ಲಿ ನಾವು ಇಳಿದುಕೊಂಡಿದ್ದ ಹೋಟೆಲಿನ ಮ್ಯಾನೇಜರ್ ಸಾಹೇಬರಿಗೆ,

ನಿಮ್ಮ ಹೋಟೆಲಿನ ಹೆಸರು ಬರೆದಿಲ್ಲ. ಬರೆದರೆ ಅದಕ್ಕೂ ಒಂದು ಫೀ ಹಾಕೀರಿ ಅಂತ ಭಯ. ಚೆಕ್-ಔಟ್ ಸಾಲಿನಲ್ಲಿ ನಿಂತು, ಸೂಟ್‌ಕೇಸನ್ನೇ ಮೇಜು ಮಾಡಿಕೊಂಡು ಈ ಪತ್ರ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಸೂಟ್‌ಕೇಸಿನ ಚಕ್ರದ ತಪ್ಪು.

ಹೊಗಳಿಕೆ ಮೊದಲು ಮುಗಿಸಿಬಿಡುತ್ತೇನೆ. ನಿಮ್ಮೂರಿನ ಆಟಗಳಿಗೆ ಕೈ ಮುಗಿಯಲೇಬೇಕು. ಬೆಲಾಜಿಯೊ ಹೋಟೆಲಿನ ಮುಂದಿನ ಕಾರಂಜಿ 1998ರಿಂದ ಕುಣಿಯುತ್ತಿದೆ, 460 ಅಡಿವರೆಗೆ ಚಿಮ್ಮುತ್ತದೆ, ಫುಟ್‌ಪಾತಿನಲ್ಲಿ ನಿಂತವನಿಗೂ ಪುಕ್ಕಟೆ. ನನ್ನವಳು ಮಂಡ್ಯದ ಕಡೆಯವಳು, ನೀರಿನ ಲೆಕ್ಕ ಕೇಳದೆ ಕಾರಂಜಿ ನೋಡುವವಳಲ್ಲ. 'ಈ ಬೆಂಗಾಡಿನಲ್ಲಿ ಇಷ್ಟು ನೀರು ಎಲ್ಲಿಂದ ತಂದ್ರು?' ಅಂದಳು. ಮೊದಲು ಅದೇ ಜಾಗದಲ್ಲಿದ್ದ ಡ್ಯೂನ್ಸ್ ಹೋಟೆಲಿನ ಗಾಲ್ಫ್ ಮೈದಾನಕ್ಕೆ ಹಾಯಿಸುತ್ತಿದ್ದ ಬಾವಿಯ ನೀರು ಅಂತ ಅಳಿಯ ವಿವರಿಸಿದ ಮೇಲೆ ಸಮಾಧಾನ. ಸಂಜೆಯಾದರೆ ಕಾಲು ಗಂಟೆಗೊಮ್ಮೆ ತಪ್ಪದೆ ಕುಣಿತ. ನಿಮ್ಮ ಈ ಸಾಲೂ ಕಾಲು ಗಂಟೆಗೊಮ್ಮೆ ಒಂದು ಹೆಜ್ಜೆ ಹಾಕಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ.

ಆ ಬೆಲಾಜಿಯೊ ಒಳಗೇ 'ಓ' ಅನ್ನುವ ಆಟ. ವೇದಿಕೆಯೇ ಸುಮಾರು 57 ಲಕ್ಷ ಲೀಟರಿನ ಕೊಳ. ಒಬ್ಬ ಪಾದ ಮಾತ್ರ ನೆನೆಸಿಕೊಂಡು ಪಚಪಚ ನಡೆದುಹೋದ. ಅವನು ಆಚೆ ಸರಿದನೋ ಇಲ್ಲವೋ, ಅದೇ ಜಾಗಕ್ಕೆ ಇನ್ನೊಬ್ಬ ಮೇಲಿಂದ ಧುಮುಕಿ ಪೂರ್ತಿ ಮುಳುಗಿಹೋದ. ನನ್ನವಳು ನನ್ನ ತೋಳು ಹಿಡಿದವಳು ಬಿಡಲೇ ಇಲ್ಲ. ಕೆಳಗಿನ ನೆಲ ಯಂತ್ರದಿಂದ ಏರಿಳಿಯುತ್ತದಂತೆ. ಟಿಕೆಟ್ ದುಬಾರಿ, ಆದರೆ ಕೊಟ್ಟ ದುಡ್ಡಿಗೆ ಏನು ಬಂತು ಅಂತ ಕಣ್ಣಾರೆ ಕಂಡೆ. ಈ ಮಾತು ನೆನಪಿಟ್ಟುಕೊಳ್ಳಿ, ಕೆಳಗೆ ಬೇಕಾಗುತ್ತದೆ.

ಇನ್ನು ಪುಕ್ಕಟೆ ಆಟಗಳ ಕಥೆ. 1993ರ ಅಕ್ಟೋಬರಿನಲ್ಲಿ ಆ ಡ್ಯೂನ್ಸ್ ಕಟ್ಟಡ ಉರುಳಿಸುವುದನ್ನೇ ನೀವೆಲ್ಲ ಸೇರಿ ಜಾತ್ರೆ ಮಾಡಿದಿರಿ. ಆಗಷ್ಟೇ ತೆರೆದಿದ್ದ ಟ್ರೆಷರ್ ಐಲೆಂಡ್ ಹೋಟೆಲಿನ ಹಡಗಿನಿಂದ ಫಿರಂಗಿ ಹಾರಿತು, ಇತ್ತ ಗೋಪುರ ಕುಸಿಯಿತು, ಗುಂಡೇ ಬಡಿದು ಬಿತ್ತೋ ಎಂಬಂತೆ. ಆ ಹಡಗಿನ ಮೇಲೆ ನಡೆಯುತ್ತಿದ್ದ ಕಡಲ್ಗಳ್ಳರ ಬೀದಿ ನಾಟಕ ವೇಷ ಬದಲಿಸಿಕೊಂಡು 2013ರಲ್ಲಿ ಮುಗಿಯಿತು. ಮಿರಾಜ್ ಮುಂದೆ 1989ರಿಂದ ಬೆಂಕಿ ಕಾರುತ್ತಿದ್ದ ಜ್ವಾಲಾಮುಖಿ 2024ರ ಜುಲೈಯಲ್ಲಿ ಹೋಟೆಲಿನ ಜೊತೆಗೇ ಆರಿಹೋಯಿತು. ಕಡಲ್ಗಳ್ಳರು ಹಡಗು ಬಿಟ್ಟು ಎಲ್ಲಿಗೆ ಹೋದರು ಅಂತ ನನಗೆ ಅನುಮಾನವಿತ್ತು. ನಿಮ್ಮ ಬಿಲ್ ನೋಡಿದ ಮೇಲೆ ಪರಿಹಾರವಾಯಿತು: ಎಲ್ಲರಿಗೂ ನಿಮ್ಮಲ್ಲೇ ಕೆಲಸ ಸಿಕ್ಕಿದೆ.

ಸ್ಫಿಯರ್ ಬಗ್ಗೆಯೂ ಬರೆಯಬೇಕೆಂದಿದ್ದೆ. 2023ರಲ್ಲಿ ತೆರೆದದ್ದು, 230 ಕೋಟಿ ಡಾಲರ್ ನುಂಗಿದ ಗುಂಡನೆಯ ರಂಗಮಂದಿರ. ಬಿಡಿ, ಬಿಲ್ ಕೈಯಲ್ಲೇ ಇದೆ, ಮನಸ್ಸು ಅತ್ತ ಹೋಗುತ್ತಿಲ್ಲ.

ವಾರದ ನಡುವೆ ಬಂದೆವೆಂದು ರೂಮು ಅಗ್ಗಕ್ಕೆ ಸಿಕ್ಕಿತು. ಅದಕ್ಕೆ ರೆಸಾರ್ಟ್ ಫೀ, ರಾತ್ರಿಗೆ ಐವತ್ತು ಡಾಲರ್ ಆಸುಪಾಸು. ಬಾಡಿಗೆಗಿಂತ ಅದೇ ಹೆಚ್ಚು! ಮೂಗಿಗಿಂತ ಮೂಗುತಿ ಭಾರ. ಮೂಗುತಿಗೆ ಮತ್ತೆ ತೆರಿಗೆ. ಇಷ್ಟಕ್ಕೆ ಏನು ಕೊಡುತ್ತೀರಿ ಅಂತ ಕೇಳಿದರೆ ಚೀಟಿ ತೋರಿಸಿದರು: ಈಜುಕೊಳ, ಜಿಮ್, ವೈ-ಫೈ, ಬೋರ್ಡಿಂಗ್ ಪಾಸ್ ಪ್ರಿಂಟ್, ಲೋಕಲ್ ಫೋನ್ ಕರೆ ಉಚಿತ. ನಾವು ಬಂದದ್ದು ಕಾರಿನಲ್ಲಿ. ಜಿಮ್ಮಿಗೆ ಹೋಗಲು ನನ್ನ ಮಂಡಿ ಒಪ್ಪುವುದಿಲ್ಲ. ಇನ್ನು ಲೋಕಲ್ ಕರೆ. ಸ್ವಾಮಿ, ಲಾಸ್ ವೇಗಸ್‌ನಲ್ಲಿ ನನಗೆ ಯಾರಿದ್ದಾರೆ? ಯಾರಿಗೆ ಫೋನ್ ಮಾಡಿ 'ಊಟ ಆಯ್ತಾ' ಅನ್ನಲಿ?

ಉಳಿದದ್ದು ಈಜುಕೊಳ. ಮೊಮ್ಮಗಳು ಅದಕ್ಕೆಂದೇ ಹೊಸ ಬಟ್ಟೆ ತಂದಿದ್ದಳು. ಗೇಟಿಗೆ ಸರಪಳಿ, ಕುರ್ಚಿಗಳನ್ನು ಮಡಚಿ ಮೂಲೆಗೆ ಒಟ್ಟಿದ್ದೀರಿ. ಚಳಿಗಾಲವಂತೆ. ಕೌಂಟರಿನ ಹುಡುಗಿಗೆ ಕೇಳಿದೆ:

'ಕೊಳ ಮುಚ್ಚಿದೆಯಲ್ಲಮ್ಮ?'

'ಹೌದು ಸರ್, ಸೀಸನ್ ಮುಗಿದಿದೆ.'

'ಹಾಗಾದರೆ ಕೊಳದ ಪಾಲು ಕಳೆದುಬಿಡಿ.'

'ಫೀಗೆ ಸೀಸನ್ ಇಲ್ಲ ಸರ್.'

ನಗುತ್ತಲೇ ಹೇಳಿತು ಮಗು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳನ್ನು ನಮ್ಮ ಮುಂದೆ ನಿಲ್ಲಿಸಿ ಒಳಗೆ ಕೂತ ನಿಮ್ಮ ಮೇಲೆ ಇದೆ.

ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಮಿನಿಮಮ್ ಬ್ಯಾಲೆನ್ಸ್, ಚೆಕ್ ಬೌನ್ಸ್, ಎಸ್ಸೆಮ್ಮೆಸ್ ಚಾರ್ಜು, ಹಿಡಿಯುವ ವಿದ್ಯೆಯೆಲ್ಲ ಬಲ್ಲೆ. ಆದರೆ ಮುಚ್ಚಿದ ಲಾಕರಿಗೆ ಬಾಡಿಗೆ ಹಿಡಿಯುವ ಧೈರ್ಯ ನಮಗೆ ಬಂದಿರಲಿಲ್ಲ. ನಿಮ್ಮ ಸರ್ಕಾರದ ಫೆಡರಲ್ ಟ್ರೇಡ್ ಕಮಿಷನ್ 2025ರ ಮೇ 12ರಿಂದ ನಿಯಮ ತಂದಿದೆ: ಹೋಟೆಲ್ ಇರಲಿ, ಆಟದ ಟಿಕೆಟ್ ಇರಲಿ, ಇಂಥ ಫೀ ಎಲ್ಲ ಸೇರಿಸಿದ ಮೊತ್ತವನ್ನು ಮೊದಲೇ ತೋರಿಸಬೇಕು. ತೋರಿಸಿದಿರಿ, ಇಲ್ಲ ಅನ್ನುವುದಿಲ್ಲ. ಮುಚ್ಚಿಟ್ಟು ಕೀಳುತ್ತಿದ್ದುದನ್ನು ಈಗ ತೋರಿಸಿ ಕೀಳುತ್ತೀರಿ. ಫೀ ಹಾಕಲೇಬೇಡಿ ಅಂತ ಆ ನಿಯಮದಲ್ಲಿಲ್ಲ, ನಿಮಗದು ಚೆನ್ನಾಗಿ ಗೊತ್ತು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.

ಇದು ಲೂಟಿ ಕಣ್ರೀ. ಮಗುವಿಗೆ ಕಾಲು ಅದ್ದಲು ನೀರಿಲ್ಲ, ನೀರಿನ ದುಡ್ಡು ಮಾತ್ರ ಬೇಕು. ವ್ಯಂಗ್ಯ ಮಾಡುವ ತಾಳ್ಮೆಯೂ ಉಳಿದಿಲ್ಲ, ಕಾಲು ಜೋಮು ಹಿಡಿದಿದೆ.

ಈಗಷ್ಟೇ ನಿಮ್ಮ ಉಚಿತ ಲೋಕಲ್ ಕರೆಯ ಸೌಲಭ್ಯ ಬಳಸಿಕೊಂಡೆ. ಲಾಬಿಯ ಫೋನೆತ್ತಿ ನಿಮ್ಮ ಕೌಂಟರಿಗೇ ಮಾಡಿದೆ. ಅಲ್ಲಿ ರಿಂಗಾಗುವುದು ಇಲ್ಲಿಂದಲೇ ಕೇಳಿಸಿತು. ಯಾರೂ ಎತ್ತಲಿಲ್ಲ. 'ನಿಮ್ಮ ಕರೆ ನಮಗೆ ಅಮೂಲ್ಯ' ಅಂತ ರೆಕಾರ್ಡು ಹೇಳಿತು. ಎಷ್ಟು ಅಮೂಲ್ಯ ಅಂತ ಬಿಲ್ಲಿನಲ್ಲೇ ಬರೆದಿದ್ದೀರಲ್ಲ.

ಕೊಳದ ಪಾಲನ್ನು ಅಳಿಯನ ಕಾರ್ಡಿಗೆ ವಾಪಸು ಹಾಕಿ. ಅಲ್ಲಿಯವರೆಗೆ ರೂಮಿನ ಶಾಂಪೂ, ಸೋಪು, ಕಾಫಿ ಪುಡಿ ಪೊಟ್ಟಣ ನನ್ನವಳ ಬ್ಯಾಗಿನಲ್ಲಿ ಒತ್ತೆ ಇರುತ್ತವೆ. ಕೀ ಕಾರ್ಡು ನನ್ನ ಜೇಬಿನಲ್ಲಿದೆ. ಅದಕ್ಕೂ ಚಾರ್ಜಿದ್ದರೆ ಫೋನ್ ಮಾಡಿ ತಿಳಿಸಿ, ಹೇಗೂ ಲೋಕಲ್ ಕರೆ.

ಇತಿ,
ಸಾಲಿನಲ್ಲಿ ನಿಂತಿರುವ ಮೈಸೂರಿನವನು