ಅಕ್ಷರಚೌಕದ ಕಲಹ

ಸೂಜಿಮೊನೆಯಷ್ಟು ನೆಲವನ್ನೂ ಕೊಡೆನೆಂದ ಕೌರವನ ಛಲವನ್ನು ಕೇಳಿ ಬೆಳೆದ ನಮಗೂ, ಗಣಕಪರದೆಯ ಮೇಲಿನ ಎರಡಂಗುಲದ ಚೌಕಕ್ಕಾಗಿ ಒಂದು ಬಳಗವೇ ಒಡೆದುಹೋದ ವೃತ್ತಾಂತವು ವಿನೋದಾಸ್ಪದವೆನಿಸದೆ ಇರಲಾರದು.

1998ರಲ್ಲಿ ಅಮೆರಿಕದ ಆಬರ್ನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮಾರ್ಕ್ ಸ್ಪೆನ್ಸರನಿಂದ ‘ಗೇಮ್’ ಎಂಬ ಹೆಸರಿನಲ್ಲಿ ಜನಿಸಿ, ಎಒಎಲ್ ಕಂಪನಿಯ ಆಕ್ಷೇಪಣೆಯ ದೆಸೆಯಿಂದ 2007ರಲ್ಲಿ ‘ಪಿಜಿನ್’ ಎಂದು ಪುನರ್ನಾಮಕರಣಗೊಂಡು, ಯಾಹೂ, ಎಂಎಸ್‌ಎನ್, ಐಸಿಕ್ಯು ಮೊದಲಾದ ನಾನಾ ಸೇವೆಗಳ ಮಿತ್ರರನ್ನೆಲ್ಲ ಒಂದೇ ಪಟ್ಟಿಯಲ್ಲಿ ಕೂಡಿಸಿ ಹರಟೆಗೆ ಅನುವು ಮಾಡಿಕೊಟ್ಟ ಈ ಉಚಿತ, ಮುಕ್ತ ತಂತ್ರಾಂಶವು, ಮರುವರ್ಷದ 2.4ನೆಯ ಆವೃತ್ತಿಯಲ್ಲಿ ಅಕ್ಷರಗಳನ್ನು ಒತ್ತುವ ಚೌಕವನ್ನು ಬಳಕೆದಾರನು ಮೌಸಿನಿಂದ ಎಳೆದು ಹಿಗ್ಗಿಸುವ ಸ್ವಾತಂತ್ರ್ಯವನ್ನು ಕಿತ್ತುಕೊಂಡು, ಬರೆದಷ್ಟಕ್ಕೆ ತಾನೇ ಬೆಳೆಯುವ ಚೌಕವನ್ನು ದಯಪಾಲಿಸಿತು. ಸೌಕರ್ಯವೇ ಸರಿ! ಆದರೆ ಕೇಳದೆ ಕೊಟ್ಟ ಸೌಕರ್ಯವನ್ನು ಯಾವ ಮನುಷ್ಯನು ಕ್ಷಮಿಸಿಯಾನು? ಬಳಕೆದಾರರು ಕೆರಳಿದರು, ನಿರ್ಮಾಪಕರು ಜಗ್ಗಲಿಲ್ಲ. ಮೂಲಸಂಕೇತವು ಸರ್ವರಿಗೂ ತೆರೆದಿದ್ದುದರಿಂದ, ಮುನಿದವರು ಅದನ್ನೇ ಪ್ರತಿಮಾಡಿಕೊಂಡು ‘ಫನ್‌ಪಿಜಿನ್’ ಎಂಬ ಬೇರೆ ಸಂಸಾರವನ್ನೇ ಹೂಡಿದರು. ನಮ್ಮ ಸಾಹಿತ್ಯ ಪರಿಷತ್ತುಗಳಲ್ಲಿಯೂ ಇಷ್ಟು ನಿರ್ವಿಘ್ನವಾಗಿ ಪಾಲಾಗುವ ಅನುಕೂಲವಿದ್ದಿದ್ದರೆ!

ಹೆಸರಿಗೆ ತಕರಾರೆತ್ತಿದ ಎಒಎಲ್‌ನ ಮೆಸೆಂಜರು 2017ರಲ್ಲಿ ಬಾಗಿಲು ಮುಚ್ಚಿತು. ಪಿಜಿನ್ನನ್ನು ಈಗಲೂ ಕಾಸು ಬಿಚ್ಚದೆ ಇಳಿಸಿಕೊಳ್ಳಬಹುದು, ಹರಟಲು ಆಚೆಬದಿಯಲ್ಲಿ ಯಾರಾದರೂ ಉಳಿದಿದ್ದರೆ.